ಮೊದಲ ತಾಸಿನ ಮಂದಿಗೆ ದಿಕ್ಕು ಯಾರು?

ಮಳೆಗಾಲ ಬಂತೆಂದರೆ ಸಾಂಗ್ಲಿಯ ಜನಕ್ಕೆ ಇರ್ವಿನ್ ಸೇತುವೆಯೇ ಪಂಚಾಂಗ. 1929ರಲ್ಲಿ ಕಟ್ಟಿ ಮುಗಿದ ಈ ಸೇತುವೆಯ ಬಳಿ ಕೃಷ್ಣೆಯ ನೀರು 40 ಅಡಿ ಮುಟ್ಟಿದರೆ ಎಚ್ಚರಿಕೆಯ ಮಟ್ಟ, 45 ಅಡಿ ಮುಟ್ಟಿದರೆ ಅಪಾಯದ ಮಟ್ಟ. ಜುಲೈ-ಆಗಸ್ಟ್‌ನಲ್ಲಿ ಚಹಾದಂಗಡಿಯಿಂದ ಹಿಡಿದು ಕಲೆಕ್ಟರ್ ಕಚೇರಿಯವರೆಗೆ ಒಂದೇ ಪ್ರಶ್ನೆ: "ಇವತ್ತ ಎಷ್ಟ ಫೂಟ ಆತು?" ಅದೇ ಹೊತ್ತಿಗೆ ಮುಂಬೈ ಮತ್ತು ಬೆಂಗಳೂರಿನಲ್ಲಿ ಇನ್ನೊಂದು ಲೆಕ್ಕ ನಡೆದಿರುತ್ತದೆ. ಆಲಮಟ್ಟಿಯಲ್ಲಿ ಎಷ್ಟು ನೀರು ನಿಲ್ಲಿಸಿದ್ದಾರೆ, ಎಷ್ಟು ಬಿಟ್ಟಿದ್ದಾರೆ, ತಪ್ಪು ಯಾರದು ಎಂಬ ಲೆಕ್ಕ.

ಈ ಗದ್ದಲದಲ್ಲಿ ಕೇಳದೇ ಉಳಿದ ಪ್ರಶ್ನೆಯೊಂದಿದೆ. ಮನೆಯೊಳಗೆ ನೀರು ನುಗ್ಗಿದ ಮೊದಲ ತಾಸಿನಲ್ಲಿ ಮುದುಕಿಯನ್ನು ಮಾಳಿಗೆಯಿಂದ ಇಳಿಸಿ ದೋಣಿಗೆ ಹತ್ತಿಸಿದವರು ಯಾರು? ಹೊಳೆಯಲ್ಲಿ ಬಿದ್ದವನನ್ನು ಎರಡು ದಿನ ಹುಡುಕಿ ದಂಡೆಗೆ ತಂದವರು ಯಾರು? ರಾತ್ರಿ ಹನ್ನೆರಡಕ್ಕೆ ಲಾರಿಗೆ ಸಿಕ್ಕವನನ್ನು ಎತ್ತಿ ಮಿರಜದ ದವಾಖಾನೆಗೆ ಒಯ್ದವರು ಯಾರು? ಬಹಳ ಸಲ ಉತ್ತರ ಒಂದೇ. ಓಣಿಯ ಹುಡುಗರು, ತಾಲೀಮಿನ ಪೈಲ್ವಾನರು, ದೋಣಿ ನಡೆಸುವವರು, ಗಣಪತಿ ಮಂಡಳದವರು, ಈಚೆಗೆ ಹುಟ್ಟಿಕೊಂಡ ಪರಿಹಾರ ತಂಡಗಳವರು. ಪಗಾರ ಇಲ್ಲ, ಪಿಂಚಣಿ ಇಲ್ಲ, ಬಹಳಷ್ಟು ಮಂದಿಗೆ ವಿಮೆಯೂ ಇಲ್ಲ. ಇವರು ಎಲ್ಲಿಂದ ಬಂದರು, ಇವರನ್ನು ಎರಡೂ ಸರ್ಕಾರಗಳು ಹೇಗೆ ನಡೆಸಿಕೊಂಡಿವೆ, ಅದರ ಬೆಲೆ ಯಾರು ತೆರುತ್ತಿದ್ದಾರೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ನೀರು ಕೆಳಕ್ಕೆ, ರೋಗಿ ಮೇಲಕ್ಕೆ

ಮಹಾರಾಷ್ಟ್ರದ ಊರಿನ ಸಂಗತಿ ನಮಗ್ಯಾಕೆ ಎಂದು ಕೇಳುವ ಓದುಗರೂ ಇರಬಹುದು. ಗಡಿಯ ಈ ಕಡೆಯವನಾದ ನನಗೆ ಆ ಪ್ರಶ್ನೆ ಅರ್ಥವಾಗುವುದೇ ಇಲ್ಲ. ಒಂದು ಕಾಲಕ್ಕೆ ತೇರದಾಳ, ಶಿರಹಟ್ಟಿ, ಬೆಳಗಾವಿಯ ಶಹಾಪುರ ಇವೆಲ್ಲ ಸಾಂಗ್ಲಿ ಸಂಸ್ಥಾನದ ಆಡಳಿತದಲ್ಲೇ ಇದ್ದವು. ಸಂಸ್ಥಾನ ಹೋಯಿತು, ಗಡಿ ಗೀಟು ಬಂತು, ಆದರೆ ನಂಟು ಹೋಗಲಿಲ್ಲ.

ನಂಟಿಗೆ ಎರಡು ಕಾರಣ. ಒಂದು ಹೊಳೆ. ಸಾಂಗ್ಲಿಯ ಪಕ್ಕದ ಹರಿಪುರದಲ್ಲಿ ವಾರಣೆಯನ್ನು, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡ ಕೃಷ್ಣೆ ರಾಜಾಪುರದ ಬಂಧಾರ ದಾಟಿ ನಮ್ಮ ಕಾಗವಾಡ, ಚಿಕ್ಕೋಡಿ, ರಾಯಬಾಗ, ಅಥಣಿ ತಾಲ್ಲೂಕುಗಳಿಗೆ ಇಳಿಯುತ್ತಾಳೆ. ಇವತ್ತು ಅವರ ಅಂಗಳದಲ್ಲಿ ನಿಂತ ನೀರು ನಾಳೆ ನಮ್ಮ ಹೊಲದಲ್ಲಿ.

ಇನ್ನೊಂದು ದವಾಖಾನೆ. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಆಗಿನಿಂದ "ಮಿರಜಿಗೆ ಒಯ್ಯಿರಿ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಕೊನೆಯ ಔಷಧದಂತೆ ಆಗಿಬಿಟ್ಟಿದೆ. 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದ ಮೇಲೆ ಊರು ದವಾಖಾನೆಗಳ ಊರೇ ಆಯಿತು. ಅಥಣಿ, ಜಮಖಂಡಿ, ವಿಜಯಪುರ ಕಡೆಯ ಮಂದಿ ಹಗಲೆನ್ನದೆ ರಾತ್ರಿಯೆನ್ನದೆ ಅಲ್ಲಿಗೆ ಹೋಗುತ್ತಾರೆ. ಮರಾಠಿ ಊರಿನ ದವಾಖಾನೆ ಬಾಗಿಲಿಗೆ ಕನ್ನಡದ ಬೋರ್ಡು ತೂಗುವುದು ಯಾವ ಚಳವಳಿಯಿಂದಲೂ ಆದದ್ದಲ್ಲ, ರೋಗಿಗಳ ಸಂಖ್ಯೆಯಿಂದ ಆದದ್ದು.

ಹೀಗೆ ನೀರು ಮೇಲಿನಿಂದ ಕೆಳಕ್ಕೆ ಬರುತ್ತದೆ, ರೋಗಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಾನೆ. ಎರಡೂ ಸಂದರ್ಭದಲ್ಲಿ ನಡುವೆ ನಿಲ್ಲುವವರು ಅದೇ ಸ್ವಯಂಸೇವಕರು. ಆದ್ದರಿಂದ ಅವರ ಕಷ್ಟ ನಮ್ಮದೂ ಹೌದು.

ಹರಗೋಲಿನಿಂದ ಬೋಟ್ ಕ್ಲಬ್‌ವರೆಗೆ

ಇರ್ವಿನ್ ಸೇತುವೆ ಆಗುವ ಮುಂಚೆ ಸಾಂಗ್ಲಿಯಿಂದ ಆಚೆ ದಂಡೆಯ ಸಾಂಗ್ಲಿವಾಡಿಗೆ ಹೋಗಬೇಕೆಂದರೆ ದೋಣಿಯೇ ಗತಿ. ಹೊಳೆಸಾಲಿನಲ್ಲಿ ಈಜು ಬಾರದ ಹುಡುಗನನ್ನು ಹುಡುಗ ಅಂತ ಲೆಕ್ಕ ಹಿಡಿಯುತ್ತಿರಲಿಲ್ಲ. ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರೇ ಮುಂದೆ ಹೊಳೆ ಏರಿದಾಗ ಹಗ್ಗ ಹಿಡಿದು ಇಳಿಯುತ್ತಿದ್ದರು. ದೋಣಿ ಸಿಗದಿದ್ದರೆ ಬೆಲ್ಲ ಕಾಸುವ ದೊಡ್ಡ ಕೊಪ್ಪರಿಗೆಯನ್ನೇ ನೀರಿಗಿಳಿಸಿ ಅದರಲ್ಲಿ ಮಕ್ಕಳನ್ನು, ಬಾಣಂತಿಯರನ್ನು ಕೂಡಿಸಿ ದಾಟಿಸುವುದು ಸಾಂಗ್ಲಿ-ಕೊಲ್ಹಾಪುರದ ಕಬ್ಬಿನ ನಾಡಿನಲ್ಲಿ ಹಳೆಯ ಪದ್ಧತಿ. ಲಾರಿ ಬಂದ ಮೇಲೆ ಅದರ ಟ್ಯೂಬೂ ಈ ಕೆಲಸಕ್ಕೆ ಬಂತು. ಕೃಷ್ಣೆಯಲ್ಲಿ ನಡೆಯುವ ಹುಟ್ಟುದೋಣಿಗಳ ಪಂದ್ಯ ನೋಡಿದವರಿಗೆ ಗೊತ್ತು, ಆ ತೋಳುಗಳು ಬರೀ ಬಹುಮಾನಕ್ಕಾಗಿ ಪಳಗಿದವಲ್ಲ.

ಸಂಘಟನೆಯೂ ಈ ಮಣ್ಣಿಗೆ ಹೊಸದಲ್ಲ. 1943ರಿಂದ 1946ರವರೆಗೆ ಕ್ರಾಂತಿಸಿಂಹ ನಾನಾ ಪಾಟೀಲರ 'ಪ್ರತಿ ಸರ್ಕಾರ' ನಡೆದದ್ದು ಇದೇ ಭಾಗದಲ್ಲಿ. ಅದರ ತೂಫಾನ್ ಸೇನೆಯ ಹುಡುಗರಿಗೆ ಕುಂಡಲದಲ್ಲಿ ಕವಾಯತು ಕಲಿಸುತ್ತಿದ್ದರು. ಊರಿನ ಕೆಲಸಕ್ಕೆ ಊರಿನ ಹುಡುಗರೇ ಸಾಲಾಗಿ ನಿಲ್ಲಬೇಕೆಂಬ ರೂಢಿ ಅಲ್ಲಿ ಗಟ್ಟಿಯಾಗಿ ಬೇರೂರಿತ್ತು. 1946ರ ಡಿಸೆಂಬರ್‌ನಲ್ಲಿ ಆಗಿನ ಮುಂಬೈ ಪ್ರಾಂತದಲ್ಲಿ ಗೃಹರಕ್ಷಕ ದಳ ಹುಟ್ಟಿತು. ಸಮವಸ್ತ್ರ ತೊಟ್ಟ ಸ್ವಯಂಸೇವೆಗೆ ಕಾನೂನಿನ ಆಧಾರ ಸಿಕ್ಕಿದ್ದು ಆವಾಗ. ಆದರೆ ಸಮವಸ್ತ್ರ ಇಲ್ಲದೆ ಬನಿಯನ್ ಮೇಲೆ ನೀರಿಗಿಳಿಯುವವನಿಗೆ ಯಾವ ಕಾಯ್ದೆಯೂ ಬರಲಿಲ್ಲ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಹತ್ತಿರ ಹತ್ತಿರ ಹತ್ತು ಸಾವಿರ ಮಂದಿ ಸತ್ತರು. ಕಲ್ಲು-ಮಣ್ಣಿನ ಗೋಡೆಗಳ ಕೆಳಗಿಂದ ಮೊದಲು ಜನರನ್ನು ಎಳೆದವರು ಅಕ್ಕಪಕ್ಕದ ಊರಿನವರೇ. ಆ ಪೆಟ್ಟಿನಿಂದ ಎಚ್ಚೆತ್ತ ಮಹಾರಾಷ್ಟ್ರ ಸರ್ಕಾರ ಜಿಲ್ಲೆಗೊಂದು ವಿಪತ್ತು ಯೋಜನೆ ಮಾಡಲು ಹೊರಟಿತು. ಯೋಜನೆ ಕಾಗದದ ಮೇಲೆ ಆಯಿತು. ಹನ್ನೆರಡು ವರ್ಷದ ಮೇಲೆ, 2005ರಲ್ಲಿ, ಕೃಷ್ಣೆ 54 ಅಡಿಯ ಆಸುಪಾಸಿಗೆ ಏರಿ ಸಾಂಗ್ಲಿಯೊಳಗೆ ಬಂದಳು. ಅರಿಶಿನದ ಪೇಟೆಯ ಹೆಮ್ಮೆಯಾಗಿದ್ದ ಹರಿಪುರ, ಸಾಂಗ್ಲಿವಾಡಿಯ ಹಗೇವುಗಳು ನೀರು ತುಂಬಿ ಹಾಳಾದದ್ದು ಆ ವರ್ಷವೇ. ಓಣಿಯ ಹುಡುಗರು ತಮ್ಮಲ್ಲೇ ಗುಂಪು ಕಟ್ಟಿ, ಹಗ್ಗ, ಟಾರ್ಚು, ಟ್ಯೂಬು ಕೂಡಿಸಿ, ಹೆಸರಿಟ್ಟುಕೊಂಡು ಕೆಲಸಕ್ಕೆ ನಿಲ್ಲಬೇಕೆಂಬ ವಿಚಾರಕ್ಕೆ ಬಲ ಬಂದದ್ದು ಈ ಮಹಾಪೂರದ ಮೇಲೆ.

ಇವತ್ತು ಸಾಂಗ್ಲಿಯಲ್ಲಿ ರಾಯಲ್ ಕೃಷ್ಣಾ ಬೋಟ್ ಕ್ಲಬ್, ಆಯುಷ್ ಹೆಲ್ಪ್‌ಲೈನ್ ತಂಡ, ಪಕ್ಕದ ಕೊಲ್ಹಾಪುರದಲ್ಲಿ ವ್ಹೈಟ್ ಆರ್ಮಿ ಮುಂತಾದ ಹೆಸರುಗಳು ಹೊಳೆಸಾಲಿನ ಜನರ ಬಾಯಲ್ಲಿವೆ. ಹೆಸರಿಲ್ಲದ ತಂಡಗಳು ಇನ್ನೆಷ್ಟೋ. ಪತ್ರಿಕೆಗಳಲ್ಲಿ ಇವರ ಫೋಟೋ ಬರುವುದು ಹೊಳೆ ಏರಿದಾಗ. ಉಳಿದ ಹತ್ತು ತಿಂಗಳು ಇವರು ಯಾರಿಗೂ ಬೇಡ.

ರಸ್ತೆಯ ಮೇಲಿನ ಅಂಜಿಕೆ

ಹೊಳೆಯ ಕಥೆ ಹೀಗಾದರೆ ರಸ್ತೆಯದು ಇನ್ನೊಂದು. ಅಪಘಾತದಲ್ಲಿ ಬಿದ್ದವನನ್ನು ಮುಟ್ಟಲು ಜನ ಅಂಜುತ್ತಿದ್ದರು. "ಮುಟ್ಟಬ್ಯಾಡೋ, ಪೊಲೀಸ್ ಕೇಸ್ ಆಗ್ತದ" ಎಂಬ ಮಾತು ಕೇಳದವರು ಯಾರಿದ್ದಾರೆ? ದವಾಖಾನೆಗಳೂ ಮೊದಲು ಪೊಲೀಸರು ಬರಲಿ ಎನ್ನುತ್ತಿದ್ದವು. 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವ ಉಳಿಸುವುದು ಮೊದಲು, ಕಾನೂನಿನ ವಿಧಿವಿಧಾನ ಆಮೇಲೆ ಎಂದು ಹೇಳಿತು. ಹೇಳಿದ್ದು ಹಳ್ಳಿಗೆ ಮುಟ್ಟಲು ಇಪ್ಪತ್ತೈದು ವರ್ಷವಾದರೂ ಬೇಕಾಯಿತು. ಪರೋಪಕಾರಿಯನ್ನು ಪೊಲೀಸರು ಸತಾಯಿಸಬಾರದೆಂಬ ಕೇಂದ್ರದ ಮಾರ್ಗಸೂಚಿ 2015ರಲ್ಲಿ ಬಂತು. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕಾನೂನಿನ ಬಲ ಕೊಟ್ಟಿತು. ನಮ್ಮ ಕರ್ನಾಟಕ ಇದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿ 2018ರಲ್ಲಿ ರಾಷ್ಟ್ರಪತಿಗಳ ಅಂಕಿತವನ್ನೂ ಪಡೆಯಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲೇ ಈ ರಕ್ಷಣೆ ಸೇರಿತು.

ಆಂಬ್ಯುಲೆನ್ಸಿನ ಇತಿಹಾಸವೂ ಇಷ್ಟೇ ನಿಧಾನದ್ದು. ಕರ್ನಾಟಕದಲ್ಲಿ 108 ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ಮಹಾರಾಷ್ಟ್ರದಲ್ಲಿ ಅದು ಬಂದದ್ದು 2014ರಲ್ಲಿ. ಅದಕ್ಕೂ ಮುಂಚೆ? ಸಹಕಾರಿ ಸಂಘವೋ ಗಣಪತಿ ಮಂಡಳವೋ ಯಾವುದೋ ಟ್ರಸ್ಟೋ ಕೊಂಡ ಹಳೆಯ ವ್ಯಾನು, ಅದಕ್ಕೊಬ್ಬ ನಿದ್ದೆಗೆಟ್ಟ ಡ್ರೈವರ್. ಅದೂ ಸಿಗದಿದ್ದರೆ ಟೆಂಪೋ, ಟ್ರ್ಯಾಕ್ಟರ್ ಟ್ರಾಲಿ.

ರಕ್ತದ ಮಾತು ಬೇರೆಯೇ ಹೇಳಬೇಕು. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ದುಡ್ಡು ಪಡೆದು ರಕ್ತ ಕೊಡುವ ದಂಧೆ ಬಂದಾಯಿತು. ತೀರ್ಪು ಒಳ್ಳೆಯದೇ. ಆದರೆ ಮರುದಿನ ಆಪರೇಷನ್ ಆಗಬೇಕಿದ್ದ ರೋಗಿಗೆ ರಕ್ತ ಎಲ್ಲಿಂದ ಬರಬೇಕು? ಮಿರಜದಂಥ ಊರಿನಲ್ಲಿ, ಪರವೂರಿನಿಂದ ಬಂದು ಯಾರ ಗುರುತೂ ಇಲ್ಲದ ಕನ್ನಡದ ಮುದುಕ ದವಾಖಾನೆ ಮೆಟ್ಟಿಲ ಮೇಲೆ ಕೂತಿದ್ದರೆ, ಅವನ ಮಗನಿಗೆ ರಕ್ತ ಕೊಡಲು ಯಾವನೋ ಮರಾಠಿ ಹುಡುಗ ಕಾಲೇಜು ಬಿಟ್ಟು ಬರುತ್ತಾನೆ. ಇದು ಕಥೆಯಲ್ಲ, ಆ ಊರಿಗೆ ಒಮ್ಮೆಯಾದರೂ ರೋಗಿಯ ಜತೆ ಹೋದ ನಮ್ಮ ಮಂದಿಗೆಲ್ಲ ಗೊತ್ತಿರುವ ಸಂಗತಿ. ಗಡಿ ಹೋರಾಟದ ಭಾಷಣಗಳಲ್ಲಿ ಈ ಹುಡುಗನ ಮಾತು ಬರುವುದಿಲ್ಲ, ಎರಡೂ ಕಡೆಯ ಭಾಷಣಗಳಲ್ಲಿಯೂ.

ಬ್ರಹ್ಮನಾಳದ ದೋಣಿ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2019ರ ಆಗಸ್ಟ್ ಮೊದಲ ವಾರ. ಕೃಷ್ಣೆ ಸಾಂಗ್ಲಿಯಲ್ಲಿ 57 ಅಡಿ ದಾಟಿದಳು. 2005ರ ಗುರುತು ಮುಳುಗಿತು. ಕೊಲ್ಹಾಪುರದ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿ ನೀರಿನಡಿ ಹೋಗಿ ದಿನಗಟ್ಟಲೆ ಬಂದ್. ಸುತ್ತ ನೀರು, ಒಳಗೆ ಕುಡಿಯಲು ನೀರಿಲ್ಲ. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಸೇನೆ, ನೌಕಾಪಡೆ ಎಲ್ಲವೂ ಬಂದವು. ಆದರೆ ನೂರಾರು ಹಳ್ಳಿ, ಬೆರಳೆಣಿಕೆಯ ದೋಣಿ.

ಪಲೂಸ ತಾಲ್ಲೂಕಿನ ಬ್ರಹ್ಮನಾಳ ಕೃಷ್ಣಾ-ಯೇರಳಾ ಸಂಗಮದ ಮೇಲಿನ ಹಳ್ಳಿ. ಆಗಸ್ಟ್ 8ರ ಬೆಳಿಗ್ಗೆ ಊರಿನ ಗ್ರಾಮ ಪಂಚಾಯಿತಿಯ ದೋಣಿಯಲ್ಲಿ 30ರಷ್ಟು ಜನ ಹತ್ತಿದರು. ಹೆಂಗಸರು, ಮಕ್ಕಳು. ಎಲ್ಲರ ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿಲ್ಲ. ದೋಣಿ ಮಗುಚಿತು. ಆ ದಿನವೇ 9 ಶವ ಸಿಕ್ಕವು, ಮುಂದಿನ ದಿನಗಳಲ್ಲಿ ಸಂಖ್ಯೆ ಇನ್ನೂ ಏರಿತು.

ಈ ದುರಂತವನ್ನು ಬಹಳ ಜನ ಬಹಳ ರೀತಿಯಲ್ಲಿ ಓದಿದರು. ಸರ್ಕಾರ ತಡವಾಗಿ ಬಂತು ಎಂದರು ಕೆಲವರು. ದೋಣಿಯಲ್ಲಿ ಹೆಚ್ಚು ಜನರನ್ನು ತುಂಬಿದ್ದೇ ತಪ್ಪು ಎಂದರು ಇನ್ನು ಕೆಲವರು. ಎರಡರಲ್ಲೂ ಸತ್ಯಾಂಶ ಇರಬಹುದು. ನನಗೆ ಕಾಣುವುದು ಬೇರೆ. ಊರಿನಲ್ಲಿ ದೋಣಿ ಇತ್ತು, ನಡೆಸುವ ಧೈರ್ಯದವರೂ ಇದ್ದರು. ಆದರೆ ಆ ದೋಣಿಗೆ ಎಷ್ಟು ಜನ ಎಂದು ನೋಡಿ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿತ್ತು? ಮೇ ತಿಂಗಳಲ್ಲಿ ಅದನ್ನು ನೀರಿಗಿಳಿಸಿ, ಎಂಜಿನ್ ನೋಡಿ, ಜಾಕೆಟ್ ಎಣಿಸಿ ಇಡಬೇಕಾದ ಹೊಣೆ ಯಾರದಿತ್ತು? ಮನೆಗೆ ನೀರು ಬಂದ ತಾಯಿ ಮಗುವನ್ನು ಎತ್ತಿಕೊಂಡು ದಂಡೆಗೆ ನಿಂತಾಗ "ನೀ ಮುಂದಿನ ಫೇರಿಗೆ ಬಾ ತಂಗಿ" ಎಂದು ಹೇಳುವುದು ಸುಲಭದ ಮಾತಲ್ಲ. ತರಬೇತಿ ಆದವನು ಮಾತ್ರ ಅದನ್ನು ಹೇಳಬಲ್ಲ, ಮುಂದಿನ ಫೇರಿಗೆ ದೋಣಿ ಖಂಡಿತ ಬರುತ್ತದೆ ಎಂಬ ನಂಬಿಕೆ ಜನಕ್ಕೆ ಇದ್ದರೆ ಮಾತ್ರ ಅವರು ಕೇಳುತ್ತಾರೆ. ಬ್ರಹ್ಮನಾಳದಲ್ಲಿ ಕಡಿಮೆ ಬಿದ್ದದ್ದು ಮನುಷ್ಯತ್ವ ಅಲ್ಲವೇ ಅಲ್ಲ. ಕಡಿಮೆ ಬಿದ್ದದ್ದು ಮುಂಚಿನ ತಯಾರಿ.

ಇದೇ ಮಹಾಪೂರದಲ್ಲಿ ಮಹಾರಾಷ್ಟ್ರದ ಮಂತ್ರಿಯೊಬ್ಬರು ದೋಣಿಯಲ್ಲಿ ನಗುತ್ತ ಕೈಬೀಸಿದ ವಿಡಿಯೋ ಊರೆಲ್ಲ ಓಡಾಡಿತು. ಪರಿಹಾರದ ಅಕ್ಕಿ-ಗೋಧಿಯ ಚೀಲಕ್ಕೆ ನಾಯಕರ ಫೋಟೋ ಅಂಟಿಸಿದ್ದೂ ಸುದ್ದಿಯಾಯಿತು. ಅದೇ ವಾರ ಕೊರಳಮಟ ನೀರಿನಲ್ಲಿ ನಿಂತು ಹಗ್ಗ ಹಿಡಿದವರ ಹೆಸರು ಯಾವ ಚೀಲದ ಮೇಲೂ ಇರಲಿಲ್ಲ.

ಸರ್ಕಾರ ಎರಡನೇ ದಿನ ಬರುತ್ತದೆ

ಇದನ್ನು ಬೈಗುಳವಾಗಿ ಹೇಳುತ್ತಿಲ್ಲ. ಸರ್ಕಾರದ ಪಡೆ ಎರಡನೇ ದಿನ ಬರುವುದು ಸಹಜ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ 2006ರಲ್ಲಿ ರಾಷ್ಟ್ರೀಯ ಪಡೆ ಕಟ್ಟಲಾಯಿತು. ಅದರ ಒಂದು ತುಕಡಿ ಪುಣೆಯ ಕಡೆ ಇದೆ. ಅಲ್ಲಿಂದ ದೋಣಿ ಹೇರಿಕೊಂಡು ಹೊರಟು, ಮುಳುಗಿದ ರಸ್ತೆ ಸುತ್ತುಹಾಕಿ ಸಾಂಗ್ಲಿಗೆ ಬರುವಷ್ಟರಲ್ಲಿ ಮೊದಲ ತಾಸು ಮುಗಿದು ಮೊದಲ ರಾತ್ರಿಯೂ ಕಳೆದಿರುತ್ತದೆ. ಯಾವ ದೇಶದಲ್ಲೂ ಇದು ಹೀಗೆಯೇ. 1995ರಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪವಾದಾಗ ಅವಶೇಷದಡಿಯಿಂದ ಬದುಕಿ ಬಂದವರಲ್ಲಿ ಬಹುಪಾಲು ಮಂದಿಯನ್ನು ಎಳೆದು ತೆಗೆದದ್ದು ಮನೆಯವರು ಮತ್ತು ನೆರೆಹೊರೆಯವರು. ಅಷ್ಟು ಮುಂದುವರಿದ ದೇಶದ ಗತಿಯೇ ಹಾಗಿದ್ದರೆ ನಮ್ಮದೇನು?

ಹಾಗಾದರೆ ಬುದ್ಧಿವಂತ ಸರ್ಕಾರ ಮಾಡಬೇಕಾದ್ದೇನು? ಮೊದಲ ತಾಸಿನ ಮಂದಿಯನ್ನು ಮುಂಚೆಯೇ ಗುರುತಿಸಿ ಪಳಗಿಸುವುದು. ಇದನ್ನು ದೆಹಲಿಗೂ ಯಾರೋ ಹೇಳಿದ್ದಾರೆ. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 'ಆಪದಾ ಮಿತ್ರ' ಯೋಜನೆ ತಂದಿತು. ಮೊದಲು ನೆರೆಪೀಡಿತ 30 ಜಿಲ್ಲೆಗಳಲ್ಲಿ ಜಿಲ್ಲೆಗೆ 200ರಂತೆ 6,000 ಸ್ವಯಂಸೇವಕರು, ಆಮೇಲೆ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಎಂಬ ಗುರಿ. ತರಬೇತಿ, ಸಲಕರಣೆ, ವಿಮೆ ಎಲ್ಲ ಅದರಲ್ಲಿ ಬರುತ್ತದೆ. ಯೋಜನೆ ಒಳ್ಳೆಯದು. ಆದರೆ ಲೆಕ್ಕ ಹಾಕಿ ನೋಡಿ. ಒಂದು ಲಕ್ಷವನ್ನು 350ರಿಂದ ಭಾಗಿಸಿದರೆ ಜಿಲ್ಲೆಗೆ ಮುನ್ನೂರರ ಒಳಗೆ. ಹೊಳೆಸಾಲಿನ ಹಳ್ಳಿಗಳೇ ನೂರರ ಮೇಲೆ ಇರುವ ಜಿಲ್ಲೆಗೆ ಹಳ್ಳಿಗೆ ಇಬ್ಬರೋ ಮೂವರೋ. ಆ ಇಬ್ಬರು ಆ ದಿನ ಊರಲ್ಲಿ ಇರಬೇಕಲ್ಲ! ಹೊಳೆದಂಡೆಯ ಹುಡುಗರು ದುಡಿಮೆಗಾಗಿ ಇಚಲಕರಂಜಿಗೋ ಪುಣೆಗೋ ಹೋಗಿರುತ್ತಾರೆ.

ಗಡಿ ಗೀಟು ಮತ್ತು ಗಾಡಿ

ಇನ್ನು ಗಡಿಯ ಮಾತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ತಲಪಾಡಿಯಲ್ಲಿ ಏನಾಯಿತೆಂದು ನಮ್ಮ ಕಾಸರಗೋಡಿನ ಕನ್ನಡಿಗರನ್ನು ಕೇಳಿ. ಕರ್ನಾಟಕ ರಸ್ತೆ ಮುಚ್ಚಿತು. ಮಂಗಳೂರಿನ ದವಾಖಾನೆಯನ್ನೇ ನಂಬಿದ್ದ ಕಾಸರಗೋಡಿನ ಹಲವು ರೋಗಿಗಳು ಚಿಕಿತ್ಸೆ ಸಿಗದೆ ಸತ್ತರು. ಸಂಗತಿ ಕೇರಳ ಹೈಕೋರ್ಟಿಗೆ, ಅಲ್ಲಿಂದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ರೋಗಿಗಳನ್ನು ಬಿಡುವ ಒಂದು ಕ್ರಮ ನಿಶ್ಚಯವಾಯಿತು. ಅಲ್ಲಿ ಗಡಿ ಮುಚ್ಚಿದವರು ನಾವು. ಕಾಗವಾಡ-ಮಿರಜ ರಸ್ತೆಯಲ್ಲಿ ಗಡಿ ಮುಚ್ಚಿದರೆ ಹೊರಗೆ ನಿಲ್ಲುವ ರೋಗಿ ನಮ್ಮವನು. ಒಂದೇ ರಾಜ್ಯ ಒಂದು ಕಡೆ ಬಾಗಿಲು ಹಾಕುವುದು, ಇನ್ನೊಂದು ಕಡೆ ಬಾಗಿಲು ಬಡಿಯುವುದು, ಇದು ಎಷ್ಟು ದಿನ ನಡೆದೀತು?

ರೋಗಿಯನ್ನು ಮುಂದಿಟ್ಟುಕೊಂಡು ರಾಜಕಾರಣ ಮಾಡಲು ಮಾತ್ರ ಯಾರೂ ಹಿಂದೆ ಬಿದ್ದಿಲ್ಲ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತಾನು ಹಕ್ಕು ಹೇಳುವ ಕರ್ನಾಟಕದ 865 ಹಳ್ಳಿಗಳ ಜನಕ್ಕೆ ತನ್ನ ಆರೋಗ್ಯ ಯೋಜನೆ ಕೊಡುತ್ತೇನೆಂದಿತು. ಕರ್ನಾಟಕ ಕೆರಳಿತು, ಕೆರಳುವುದು ನ್ಯಾಯವೇ. ಅದಕ್ಕೂ ಕೆಲವು ತಿಂಗಳ ಹಿಂದೆ, 2022ರ ಕೊನೆಗೆ, ನಮ್ಮ ಮುಖ್ಯಮಂತ್ರಿಗಳು ಜತ್ತ ತಾಲ್ಲೂಕಿನ 40 ಹಳ್ಳಿಗಳ ಮಾತೆತ್ತಿದಾಗ ಅವರು ಕೆರಳಿದ್ದರು. ಈ ಕೆರಳಾಟದ ನಡುವೆ ಒಂದು ಸಾದಾ ಪ್ರಶ್ನೆ ಉಳಿದುಬಿಡುತ್ತದೆ. ಒಂದು ಕಡೆಯ ಗಾಡಿ ಗಡಿಯವರೆಗೆ ತಂದ ರೋಗಿಯನ್ನು ಇನ್ನೊಂದು ಕಡೆಯ ಗಾಡಿ ತಡವಿಲ್ಲದೆ ಎತ್ತಿಕೊಳ್ಳುವಂತೆ, ಇಲ್ಲವೇ ಅದೇ ಗಾಡಿ ನೇರವಾಗಿ ಮಿರಜಕ್ಕೆ ಹೋಗುವಂತೆ ಲಿಖಿತ ಒಪ್ಪಂದ ಮಾಡಲು ಯಾವ ಗಡಿ ವ್ಯಾಜ್ಯ ಅಡ್ಡ ಬರುತ್ತದೆ? ಸುಪ್ರೀಂ ಕೋರ್ಟಿನಲ್ಲಿರುವ ದಾವೆಗೂ ಇದಕ್ಕೂ ಏನು ಸಂಬಂಧ?

ಮನಸ್ಸು ಮಾಡಿದರೆ ಆಗುತ್ತದೆ ಎನ್ನಲು ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಆಲಮಟ್ಟಿಯ ನೀರನ್ನು 519.6 ಮೀಟರ್‌ನಿಂದ 524.256 ಮೀಟರ್‌ವರೆಗೆ ನಿಲ್ಲಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಅನುಮತಿ ಕೊಟ್ಟಿತು. ಸಾಂಗ್ಲಿ-ಕೊಲ್ಹಾಪುರದವರು ಅದನ್ನು ಇಂದಿಗೂ ವಿರೋಧಿಸುತ್ತಾರೆ. 2019ರ ಮಹಾಪೂರದ ಮೇಲೆ ಮಹಾರಾಷ್ಟ್ರವೇ ನೇಮಿಸಿದ ವಡನೇರೆ ಸಮಿತಿ ಆಲಮಟ್ಟಿಯೇ ಕಾರಣವೆಂದು ಹೇಳಲಿಲ್ಲ. ವಿಪರೀತ ಮಳೆ, ನದಿಪಾತ್ರದ ಒತ್ತುವರಿ ಇವುಗಳ ಕಡೆ ಬೊಟ್ಟು ಮಾಡಿತು. ವಾದ ಅಲ್ಲಿಗೂ ನಿಲ್ಲಲಿಲ್ಲ. ಆದರೆ ಇಷ್ಟೆಲ್ಲ ಜಗಳದ ನಡುವೆಯೂ 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಮಂತ್ರಿ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಯಡಿಯೂರಪ್ಪನವರ ಜತೆ ಕೂತರು. ಅಣೆಕಟ್ಟುಗಳ ಒಳಹರಿವು-ಹೊರಹರಿವಿನ ಮಾಹಿತಿ ಪರಸ್ಪರ ಹಂಚಿಕೊಳ್ಳುವ ಮಾತಾಯಿತು. ಮರು ತಿಂಗಳೇ ಕೃಷ್ಣೆ ಸಾಂಗ್ಲಿಯಲ್ಲಿ ಮತ್ತೆ 54 ಅಡಿ ದಾಟಿದಳು. 2019ರಷ್ಟು ಅನಾಹುತ ಆಗಲಿಲ್ಲ. ನೀರಿನ ಲೆಕ್ಕವನ್ನು ಹಂಚಿಕೊಳ್ಳುವವರು ದೋಣಿಯ ಲೆಕ್ಕವನ್ನು ಯಾಕೆ ಹಂಚಿಕೊಳ್ಳಬಾರದು?

ಸ್ವಯಂಸೇವಕರ ದೋಷವನ್ನೂ ಹೇಳಬೇಕು

ಏಕಪಕ್ಷೀಯವಾಗಿ ಹೊಗಳಿದರೆ ಅದು ವಿಶ್ಲೇಷಣೆಯಾಗದು. ಸ್ವಯಂಸೇವಕರಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಒಂದೇ ಓಣಿಗೆ ಐದು ತಂಡ ಹೋಗುತ್ತವೆ, ಕೊನೆಯ ಓಣಿಗೆ ಒಂದೂ ಹೋಗುವುದಿಲ್ಲ. ಚುನಾವಣೆ ಹತ್ತಿರ ಇದ್ದರೆ ಬ್ಯಾನರ್ ಮೊದಲು, ಬ್ರೆಡ್ಡು ಆಮೇಲೆ. ಬೆನ್ನುಮೂಳೆ ಮುರಿದವನನ್ನು ಕೈಕಾಲು ಹಿಡಿದು ಎತ್ತಿ ಇನ್ನಷ್ಟು ಹಾಳುಮಾಡುವ ಉಪಕಾರಿಗಳೂ ಇದ್ದಾರೆ. ಈಜು ಬರುತ್ತದೆಂದು ಹುರುಪಿನಿಂದ ಹಾರಿ, ಎದೆಗೆ ಅಪ್ಪಿಕೊಂಡ ಮುಳುಗುಗಾರನ ಜತೆ ತಾವೂ ಹೋದವರು ಎಲ್ಲ ಹೊಳೆದಂಡೆಗಳಲ್ಲೂ ಇದ್ದಾರೆ. ಇದರ ಮೇಲೆ ಕೃಷ್ಣೆಯಲ್ಲಿ ಮೊಸಳೆ ಬೇರೆ.

ಇದನ್ನೆಲ್ಲ ತೋರಿಸಿ ಕೆಲವು ಅಧಿಕಾರಿಗಳು "ಈ ಗುಂಪುಗಳನ್ನು ದೂರ ಇಡುವುದೇ ಮೇಲು" ಎನ್ನುತ್ತಾರೆ. ದೂರ ಇಟ್ಟರೆ ಅವರು ಬರುವುದನ್ನು ಬಿಡುತ್ತಾರೆಯೇ? ಕೂಗು ಕೇಳಿದ ಮೇಲೆ ಹೊಳೆದಂಡೆಯ ಮನುಷ್ಯ ನಿಲ್ಲುವವನಲ್ಲ. ಕಲಿಯದೆ ಇಳಿಯುತ್ತಾನೆ, ಅಷ್ಟೇ ವ್ಯತ್ಯಾಸ. ಅವನಿಗೇನಾದರೂ ಆದರೆ ಆ ಮನೆಯ ಒಲೆ ಉರಿಸುವವರು ಯಾರು? ಸತ್ತ ಮೇಲೆ ಶಾಲು ಹೊದಿಸಿ ಸನ್ಮಾನ ಮಾಡುವುದಕ್ಕಿಂತ ಬದುಕಿದ್ದಾಗ ಒಂದು ಜಾಕೆಟ್ ಹೊದಿಸುವುದು ಅಗ್ಗ.

ಆಗಬೇಕಾದ್ದು

ದೊಡ್ಡ ದೊಡ್ಡ ಯೋಜನೆ ಯಾರೂ ಕೇಳುತ್ತಿಲ್ಲ. ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ ಜಿಲ್ಲಾಧಿಕಾರಿಗಳು ಒಂದು ಮೇಜಿನ ಸುತ್ತ ಕೂತರೆ ಆಗುವಂಥ ಕೆಲಸಗಳಿವು.

ಒಂದು: ಹೊಳೆಸಾಲಿನ ಪ್ರತಿ ಹಳ್ಳಿಯಲ್ಲಿ ಈಜು ಬಲ್ಲವರ, ದೋಣಿ ಬಲ್ಲವರ, ಗಾಡಿ ಇರುವವರ ಹೆಸರು-ಫೋನ್ ನಂಬರಿನ ಪಟ್ಟಿ ಆಗಬೇಕು. ಮೂರೂ ಜಿಲ್ಲೆಗಳ ಕಂಟ್ರೋಲ್ ರೂಮಿನಲ್ಲಿ ಎಲ್ಲರ ಪಟ್ಟಿ ಇರಬೇಕು. ಪ್ರತಿ ಮೇ ತಿಂಗಳು ಅದನ್ನು ತಿದ್ದಬೇಕು.

ಎರಡು: ಸರ್ಕಾರಿಯಿರಲಿ ಖಾಸಗಿಯಿರಲಿ ಪ್ರತಿ ದೋಣಿಯ ತಪಾಸಣೆ ಮಳೆಗಾಲಕ್ಕೆ ಮುಂಚೆ ಆಗಬೇಕು. ಎಷ್ಟು ಜನ ಕೂಡಬಹುದು ಎಂಬುದನ್ನು ದೋಣಿಯ ಪಕ್ಕೆಗೆ ದೊಡ್ಡ ಅಕ್ಷರದಲ್ಲಿ, ಕನ್ನಡ-ಮರಾಠಿ ಎರಡರಲ್ಲೂ ಬರೆಯಬೇಕು. ಅಷ್ಟು ಜಾಕೆಟ್ ಇಲ್ಲದ ದೋಣಿ ದಂಡೆ ಬಿಡಕೂಡದು.

ಮೂರು: ಪಟ್ಟಿಯಲ್ಲಿರುವ ಪ್ರತಿಯೊಬ್ಬನಿಗೂ ವಿಮೆ. ಆಪದಾ ಮಿತ್ರರಾಗಿ ಆಯ್ಕೆಯಾದವರಿಗೆ ಮಾತ್ರ ಎಂದರೆ ಉಳಿದವರು ಏನು ಪಾಪ ಮಾಡಿದ್ದಾರೆ?

ನಾಲ್ಕು: ವರ್ಷಕ್ಕೊಮ್ಮೆ ಎರಡೂ ರಾಜ್ಯದ ತಂಡಗಳ ಜಂಟಿ ಕವಾಯತು. ಹೊಳೆ ಏರಿದ ದಿನ ಮೊದಲ ಸಲ ಮುಖ ನೋಡುವಂತಾಗಬಾರದು.

ಐದು: ಕಾಗವಾಡದಂಥ ಗಡಿ ನಾಕೆಗಳಲ್ಲಿ ತುರ್ತು ರೋಗಿಯ ಗಾಡಿಗೆ ಯಾವ ಕಾಲದಲ್ಲೂ, ಯಾವ ಬಂದ್‌ನಲ್ಲೂ, ಯಾವ ರೋಗದಲ್ಲೂ ತಡೆ ಇಲ್ಲ ಎಂಬ ಲಿಖಿತ ಆದೇಶ. ಗಡಿಗಲಾಟೆ ಎದ್ದಾಗ ಬಸ್ಸಿಗೆ ಮಸಿ ಬಳಿಯುವವರಿಗೂ ಇದು ಗೊತ್ತಿರಬೇಕು.

ಆರು: ಎಚ್ಚರಿಕೆಯ ಸಂದೇಶ ಜನರ ಭಾಷೆಯಲ್ಲಿ ಹೋಗಬೇಕು. ಮಿರಜ-ಜತ್ತದ ಕನ್ನಡದ ಅಜ್ಜಿಗೆ ಕನ್ನಡದಲ್ಲಿ, ನಿಪ್ಪಾಣಿ ಕಡೆಯ ಮರಾಠಿ ಆಜಿಗೆ ಮರಾಠಿಯಲ್ಲಿ. ಭಾಷೆಯ ಅಭಿಮಾನ ತೋರಿಸಲು ಬೇರೆ ಜಾಗಗಳಿವೆ.

ಈ ಆರಕ್ಕೂ ಆಗುವ ಖರ್ಚು ಒಂದು ಸಲದ ಪರಿಹಾರ ಪ್ಯಾಕೇಜಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಆಲಮಟ್ಟಿಯ ವಾದ ನಡೆಯಲಿ, ಗಡಿಯ ದಾವೆ ನಡೆಯಲಿ, ಅವುಗಳಿಗೆ ವಕೀಲರಿದ್ದಾರೆ, ತಾರೀಖುಗಳಿವೆ. ಕೃಷ್ಣೆಗೆ ತಾರೀಖು ಕೊಡುವವರು ಯಾರೂ ಇಲ್ಲ. ಮುಂದಿನ ಮಳೆಗಾಲದೊಳಗೆ ನಮ್ಮ ಬೆಳಗಾವಿ ಜಿಲ್ಲಾಡಳಿತವಾದರೂ ಮೊದಲ ಪತ್ರ ಬರೆಯಲಿ. ಸಾಂಗ್ಲಿಯವರು ಉತ್ತರ ಕೊಡುತ್ತಾರೋ ಇಲ್ಲವೋ ಎಂದು ಕಾಯುವುದು ಬೇಡ. ಹೊಳೆಗಿಳಿಯುವ ಹುಡುಗನ ಮೈಮೇಲೆ ಒಂದು ಜಾಕೆಟ್, ಅವನ ಮನೆಯ ಹೆಸರಿಗೆ ಒಂದು ವಿಮೆ, ಇಷ್ಟು ಮಾಡಲು ಅವರ ಉತ್ತರದ ಅಗತ್ಯವೂ ಇಲ್ಲ.